ಹದಿಮೂರನೆಯ ಲಿಯೋವಿನ ಸ್ವಾತಂತ್ರ್ಯವಿಚಾರ

1888ನೆಯ ಇಸವಿಯ ಜೂನ್ 20ರಂದು ಜಗದ್ಗುರು ಪೋಪ್ ಹದಿಮೂರನೆಯ ಲಿಯೋ ತಮ್ಮ ಧರ್ಮಾಧ್ಯಕ್ಷರೆಲ್ಲರಿಗೂ ಬರೆದ ಪರಿಪತ್ರವು, ಲ್ಯಾಟಿನ್ ಮೂಲದ ಮೊದಲ ಪದದಿಂದಲೇ, ‘ಲಿಬೆರ್ತಾಸ್’ ಎಂಬ ಹೆಸರನ್ನು ಪಡೆದಿದೆ. ಆ ಪದಕ್ಕೆ ಸ್ವಾತಂತ್ರ್ಯವೆಂದೇ ಅರ್ಥ. ಬರೆದವರು ತಮ್ಮನ್ನು ಸೆರೆಯಾಳೆಂದು ಭಾವಿಸಿಕೊಂಡಿದ್ದವರು. 1870ರಲ್ಲಿ ರೋಮ್ ನಗರವು ಇಟಲಿಯ ಅರಸೊತ್ತಿಗೆಯ ವಶವಾದಂದಿನಿಂದ ಪೋಪರು ವ್ಯಾಟಿಕನ್ನಿನ ಗೋಡೆಗಳ ಹೊರಗೆ ಕಾಲಿಟ್ಟಿರಲಿಲ್ಲ. ಅವರ ಹಿಂದಿನವರಲ್ಲಿ ಒಬ್ಬರು, ಹದಿನಾರನೆಯ ಗ್ರೆಗರಿ, 1832ರಲ್ಲಿ ಸರ್ವರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವಿರಬೇಕೆಂಬ ಮಾತನ್ನು ಹುಚ್ಚೆಂದೇ ಕರೆದಿದ್ದರು. ಇನ್ನೊಬ್ಬರು, ಒಂಬತ್ತನೆಯ ಪಿಯುಸ್, 1864ರಲ್ಲಿ ಆಧುನಿಕ ಕಾಲದ 80 ಪ್ರಮಾದಗಳ ಪಟ್ಟಿಯನ್ನೇ ಪ್ರಕಟಿಸಿದ್ದರು. ಇಂಥ ಪರಂಪರೆಯಿಂದ ಬಂದ ಪತ್ರದಲ್ಲಿ ಕೋಪವನ್ನೇ ನಿರೀಕ್ಷಿಸುವ ಓದುಗನಿಗೆ ಅದರ ಆರಂಭವು ಆಶ್ಚರ್ಯವನ್ನುಂಟುಮಾಡುವುದು. ಏಕೆಂದರೆ ಸ್ವಾತಂತ್ರ್ಯವು ಪ್ರಕೃತಿಯು ಮನುಷ್ಯನಿಗಿತ್ತ ಪರಮೋತ್ಕೃಷ್ಟವಾದ ವರವೆಂದೇ ಲಿಯೋ ತೊಡಗುತ್ತಾರೆ.

ಈ ಪತ್ರದ ಪೂರ್ವಾರ್ಧದಷ್ಟು ಗಂಭೀರವಾದ ಸ್ವಾತಂತ್ರ್ಯಮೀಮಾಂಸೆ ಆ ಶತಮಾನದ ರಾಜಕೀಯ ವಾಙ್ಮಯದಲ್ಲಿ ವಿರಳವೆಂದೇ ನನ್ನ ಎಣಿಕೆ. ಅದರ ಬೇರು ಸಂತ ಥಾಮಸ್ ಅಕ್ವಿನಾಸರಲ್ಲಿದೆ. ತೋಳವನ್ನು ಕಂಡ ಕುರಿಯು ಓಡಬೇಕೆಂದು ನಿರ್ಣಯಿಸುತ್ತದೆ, ಆದರೆ ಆ ನಿರ್ಣಯ ಅದರ ಕೈಯದಲ್ಲ, ಸಹಜಪ್ರವೃತ್ತಿಯದು. ಮನುಷ್ಯನಾದರೋ ತೂಗಿ ನೋಡಿ ಆರಿಸಬಲ್ಲನು. ಆದುದರಿಂದ ಸ್ವಾತಂತ್ರ್ಯದ ತವರು ವಿವೇಕ. ಇಲ್ಲಿಂದ ಲಿಯೋ ಇಡುವ ಮುಂದಿನ ಹೆಜ್ಜೆಯೇ ಪತ್ರದ ಜೀವಾಳ: ತಪ್ಪನ್ನು ಆರಿಸಬಲ್ಲೆವೆಂಬುದು ನಾವು ಸ್ವತಂತ್ರರೆಂಬುದಕ್ಕೆ ಕುರುಹಾಗಬಹುದು, ರೋಗವು ಬದುಕಿರುವವನಿಗೇ ಬರುವಂತೆ, ಆದರೆ ರೋಗವು ಹೇಗೆ ಆರೋಗ್ಯದ ಅಂಗವಲ್ಲವೋ ಹಾಗೆಯೇ ಪಾಪಸಾಮರ್ಥ್ಯವು ಸ್ವಾತಂತ್ರ್ಯದ ಅಂಗವಲ್ಲ. ದೇವರು ಪಾಪವನ್ನು ಮಾಡಲಾರನು. ಅಷ್ಟರಿಂದ ಅವನು ಅಸ್ವತಂತ್ರನೆ?

ತರ್ಕದಲ್ಲಿ ಕುಶಲತೆ ಮಾತ್ರ ಇದೆಯೆಂದು ಶಂಕಿಸುವವರು ಊರಿನ ಹೆಂಡದಂಗಡಿಯ ಮುಂದೆ ಹಾದುಹೋಗುವ ಇಬ್ಬರನ್ನು ನೆನೆದುಕೊಳ್ಳಬಹುದು. ಒಬ್ಬನು ಪ್ರತಿಸಂಜೆಯೂ ಆ ಬಾಗಿಲಲ್ಲಿ ನಿಂತು, ಒಳಗೆ ಹೋಗಲೋ ಬೇಡವೋ ಎಂದು ತನ್ನೊಡನೆ ತಾನೇ ಜಗಳವಾಡಿ, ಒಮ್ಮೆ ಗೆದ್ದು ಒಮ್ಮೆ ಸೋಲುವವನು. ಇನ್ನೊಬ್ಬನಿಗೆ ಅಲ್ಲಿ ಅಂಗಡಿಯಿದೆಯೆಂಬ ಗಮನವೂ ಇಲ್ಲ. ಆಯ್ಕೆಗಳನ್ನು ಎಣಿಸುವುದಾದರೆ ಮೊದಲನೆಯವನಿಗೆ ಎರಡು ದಾರಿಗಳಿವೆ, ಎರಡನೆಯವನಿಗೆ ಒಂದೇ. ಆದರೂ ಬಿಡುಗಡೆ ಹೊಂದಿದವನು ಯಾರೆಂದು ಕೇಳಿದರೆ ಮೊದಲನೆಯವನ ಹೆಂಡತಿಯು ಉತ್ತರಕ್ಕಾಗಿ ಪಂಡಿತರನ್ನು ಕಾಯುವುದಿಲ್ಲ.

ಈ ಭೇದವನ್ನು ಮೊದಲು ಅನುಭವದಿಂದ ಅರಿತು ಬರೆದವರು ಸಂತ ಅಗಸ್ಟೀನ್. 386ರಲ್ಲಿ ಮಿಲಾನಿನ ತೋಟದಲ್ಲಿ ಅವರ ಇಚ್ಛೆಯು ಇಬ್ಭಾಗವಾಗಿ, ಅಭ್ಯಾಸವೇ ಸರಪಣಿಯಾಗಿ ಬಿಗಿದಿದ್ದುದನ್ನು ‘ಕನ್ಫೆಶನ್ಸ್’ ಗ್ರಂಥದ ಎಂಟನೆಯ ಭಾಗವು ಚಿತ್ರಿಸುತ್ತದೆ. ಅವರ ಲ್ಯಾಟಿನ್ನಿನಲ್ಲಿ ಎರಡು ಪದಗಳಿದ್ದುವು: ಆರಿಸುವ ಶಕ್ತಿಗೆ ಒಂದು, ಒಳಿತಿನಲ್ಲಿ ನೆಲೆನಿಂತ ಬಿಡುಗಡೆಗೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಸ್ವಾತಂತ್ರ್ಯವೆಂಬ ಒಂದೇ ಪದವನ್ನು ನಾವು ದುಡಿಸಿಕೊಳ್ಳುತ್ತೇವೆ. (ನಮ್ಮ ಮಧ್ವಾಚಾರ್ಯರಾದರೋ ಭಗವಂತನೊಬ್ಬನೇ ಸ್ವತಂತ್ರನೆಂದು ಪದದ ಮೇಲೆ ಗಡಿಯನ್ನೇ ಹಾಕಿದರು, ಲಿಯೋ ಅಷ್ಟು ದೂರ ಹೋಗುವವರಲ್ಲ.) ಕೇಡಿಗೂ ಒಂದು ಮೂಲತತ್ತ್ವವಿದೆಯೆಂದ ಮನೀಕೇಯರೊಡನೆ ವಾದಿಸುವಾಗ ಪಾಪದ ಹೊಣೆ ಮನುಷ್ಯನ ಇಚ್ಛೆಯದೆಂದ ಅಗಸ್ಟೀನರೇ ಮನುಷ್ಯನು ಸ್ವಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲನೆಂದ ಪೆಲಾಜಿಯಸನೊಡನೆ ವಾದಿಸುವಾಗ ದೇವರ ವರಪ್ರಸಾದವಿಲ್ಲದೆ ಆ ಇಚ್ಛೆಯು ಒಳಿತಿನ ಕಡೆಗೆ ಏಳಲಾರದೆಂದರು. ಮುಂದಿನ ವಿವಾದಗಳೆಲ್ಲಕ್ಕೂ ಬೀಜ ಬಿದ್ದುದು ಅಲ್ಲಿಯೇ.

ಆದರೆ ಪತ್ರದ ಉತ್ತರಾರ್ಧಕ್ಕೆ ಬಂದಾಗ ನನ್ನ ಗೌರವವು ಕುಗ್ಗುತ್ತದೆ. ಆರಾಧನೆ, ಭಾಷಣ, ಮುದ್ರಣ, ಬೋಧನೆ ಇವುಗಳಲ್ಲಿ ನಿರ್ಬಂಧವಿಲ್ಲದ ಸ್ವಾತಂತ್ರ್ಯವನ್ನು ಲಿಯೋ ಒಂದೊಂದಾಗಿ ನಿರಾಕರಿಸುತ್ತಾರೆ. ಸತ್ಯಕ್ಕೂ ಅಸತ್ಯಕ್ಕೂ ಸಮಾನ ಹಕ್ಕಿರಲಾರದು. ದೊಡ್ಡ ಕೇಡನ್ನು ತಪ್ಪಿಸುವುದಕ್ಕಾಗಿ ರಾಜ್ಯವು ಅಸತ್ಯವನ್ನು ಸಹಿಸಿಕೊಳ್ಳಬಹುದೇ ಹೊರತು ಅದಕ್ಕೆ ಹಕ್ಕನ್ನು ಕೊಡಲಾಗದು ಎಂಬುದು ವಾದ. ಸತ್ಯವು ಪಹಣಿಯಲ್ಲಿ ಹೆಸರಿರುವ ಜಮೀನುದಾರನಲ್ಲ, ಹಕ್ಕುಗಳಿರುವುದು ಮನುಷ್ಯರಿಗೆ, ಎಂಬ ಸರಳವಾದ ಆಕ್ಷೇಪಣೆಯು ಇಲ್ಲಿ ಏಳುವುದು ಮಾತ್ರವಲ್ಲ; ಪೂರ್ವಾರ್ಧವೇ ಉತ್ತರಾರ್ಧದ ವಿರುದ್ಧ ಸಾಕ್ಷಿ ನುಡಿಯುತ್ತದೆ. ಸ್ವಾತಂತ್ರ್ಯದ ನೆಲೆ ವಿವೇಕವಾದರೆ, ವಿವೇಕದ ಒಪ್ಪಿಗೆ ಒಳಗಿನಿಂದಲೇ ಹುಟ್ಟಬೇಕಾದರೆ, ದಂಡದ ಭಯದಿಂದ ಹೊರಟ ಒಪ್ಪಿಗೆಯು ಕುರಿಯ ಓಟವಲ್ಲದೆ ಮತ್ತೇನು? ಹೆಂಡವನ್ನು ಬಿಟ್ಟವನು ಸ್ವತಂತ್ರನೆಂಬುದು ನಿಜ. ಕೈಕಾಲು ಕಟ್ಟಿಸಿಕೊಂಡು ಅಂಗಡಿಗೆ ಹೋಗಲಾರದವನೂ ಸ್ವತಂತ್ರನೆಂದರೆ ಅದು ಬೇರೆಯೇ ಮಾತು.

ಅಕ್ವಿನಾಸರಲ್ಲಿಯೇ ಈ ಬಿರುಕಿದೆ. ನಂಬುವುದು ಇಚ್ಛೆಯ ಕಾರ್ಯವಾದುದರಿಂದ ಎಂದೂ ನಂಬದವರನ್ನು ಬಲವಂತದಿಂದ ನಂಬಿಸಕೂಡದೆಂದವರು, ಒಮ್ಮೆ ನಂಬಿದವರನ್ನು ಮಾತ್ರ ಆ ನಂಬಿಕೆಯಲ್ಲಿ ಉಳಿಯುವಂತೆ ಬಲವಂತಪಡಿಸಬಹುದೆಂದರು. ಈ ಎರಡನೆಯ ವಾಕ್ಯದ ಬೆಲೆ ನಮ್ಮ ಕರಾವಳಿಗೂ ಗೊತ್ತಿದೆ. 1560ರಲ್ಲಿ ಸ್ಥಾಪಿತವಾಗಿ, ನಡುವೆ ಕೆಲಕಾಲ ನಿಂತು, 1812ರಲ್ಲಿ ಮುಗಿದ, ಮತಭ್ರಷ್ಟರನ್ನು ವಿಚಾರಿಸಿ ದಂಡಿಸುವ ಧರ್ಮನ್ಯಾಯಾಲಯವಾಗಿದ್ದ ಗೋವೆಯ ಇನ್‌ಕ್ವಿಸಿಶನ್ನಿನ ಕೈಗೆ ಸಿಕ್ಕವರಲ್ಲಿ ಬಹುಮಂದಿ ದೀಕ್ಷಾಸ್ನಾನ ಪಡೆದವರೇ. ಕೊಂಕಣಿ ಕ್ರೈಸ್ತರ ಪೂರ್ವಿಕರು ಕನ್ನಡ ಜಿಲ್ಲೆಗಳಿಗೆ ವಲಸೆ ಬಂದುದಕ್ಕೆ ಹೇಳುವ ಹಲವು ಕಾರಣಗಳಲ್ಲಿ ಅದರ ಭಯವೂ ಒಂದು. ಮನೆಯಲ್ಲಿ ಹಳೆಯ ಪದ್ಧತಿಯೊಂದನ್ನು ಉಳಿಸಿಕೊಂಡ ತಾಯಿಗೆ, ಸತ್ಯದಲ್ಲಿಯೇ ಸ್ವಾತಂತ್ರ್ಯವಿದೆಯೆಂಬ ಮಾತು ಹೇಗೆ ಕೇಳಿಸಿರಬಹುದು!

ಲಿಯೋ ಇತಿಹಾಸದ ಬಗ್ಗೆ ಅಷ್ಟೇನೂ ನಿಷ್ಠುರರಲ್ಲವೆಂಬುದಕ್ಕೆ ಇನ್ನೊಂದು ಪತ್ರವೂ ಸಾಕ್ಷಿ. ‘ಲಿಬೆರ್ತಾಸ್’ಗೆ ಆರೇಳು ವಾರಗಳ ಹಿಂದೆ, ಮೇ 5ರಂದು, ಬ್ರೆಜಿಲಿನ ಧರ್ಮಾಧ್ಯಕ್ಷರಿಗೆ ಬರೆದು ಗುಲಾಮಗಿರಿಯ ನಿರ್ಮೂಲನವನ್ನು ಅವರು ಹೃತ್ಪೂರ್ವಕವಾಗಿ ಹರಸಿದರು, ಮೇ 13ರಂದು ಆ ದೇಶದ ವಿಮೋಚನಾ ಶಾಸನವೂ ಹೊರಬಿದ್ದಿತು. ಧರ್ಮಸಭೆಯು ಮೊದಲಿನಿಂದಲೂ ದಾಸರ ಪಕ್ಷವೆಂದು ಸಾಧಿಸುವ ಆ ಪತ್ರದಲ್ಲಿ, ಐದನೆಯ ನಿಕೋಲಾಸ್ 1452ರಲ್ಲಿ ಪೋರ್ಚುಗಲ್ಲಿನ ದೊರೆಗೆ ಅನ್ಯಮತೀಯರನ್ನು ಶಾಶ್ವತ ದಾಸ್ಯಕ್ಕೆ ತಳ್ಳುವ ಅಧಿಕಾರವಿತ್ತುದಕ್ಕೆ ಎಡೆ ದೊರೆತಿಲ್ಲ.

1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 70 ಮತಗಳ ವಿರುದ್ಧ 2308 ಮತಗಳಿಂದ ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಈ ಗಂಟನ್ನು ಬಿಚ್ಚಿತು. ಹಕ್ಕನ್ನು ಸತ್ಯದಿಂದ ತೆಗೆದು ವ್ಯಕ್ತಿಯ ಘನತೆಯಲ್ಲಿ ನೆಡಲಾಯಿತು; ಸತ್ಯವನ್ನು ಅರಸುವ ಹೊಣೆಯನ್ನು ನೆರವೇರಿಸದವನಿಗೂ ಬಲಾತ್ಕಾರದಿಂದ ರಕ್ಷಣೆಯುಂಟೆಂದು ಸಾರಲಾಯಿತು. ಇದಕ್ಕಾಗಿ ದುಡಿದವರಲ್ಲಿ ಮುಖ್ಯರಾದ ಅಮೆರಿಕದ ಯೇಸುಸಭೆಯ ಜಾನ್ ಕೋರ್ಟ್ನಿ ಮರ್ರೇ ಅದಕ್ಕೆ ಹತ್ತು ವರ್ಷಗಳ ಹಿಂದೆ ಇದೇ ವಿಷಯದಲ್ಲಿ ಬರೆಯದಂತೆ ತಡೆಯಲ್ಪಟ್ಟಿದ್ದವರು. ಘೋಷಣೆಯು ತಾನು ಹಳೆಯ ಬೋಧನೆಯನ್ನು ಅಲ್ಲಗಳೆಯದೆ ಬೆಳೆಸುತ್ತಿದ್ದೇನೆಂದು ಹೇಳಿಕೊಂಡಿತು. ಧರ್ಮಾಧ್ಯಕ್ಷ ಲೆಫೆವ್ರ್ ಮಾತ್ರ ಇದು ಲಿಯೋವಿನ ಬೋಧನೆಗೆ ವಿರುದ್ಧವೆಂದು ಕೊನೆಯವರೆಗೂ ಹಟ ಹಿಡಿದರು. ಅವರ ತೀರ್ಮಾನವನ್ನು ನಾನು ಒಪ್ಪೆನು, ಆದರೆ ಅವರ ಓದು ಪ್ರಾಮಾಣಿಕವಾದುದು. ಮಹಾಸಭೆಯು ಲಿಯೋವಿನ ಪೂರ್ವಾರ್ಧಕ್ಕೆ ನಿಷ್ಠವಾಗಿ ಉತ್ತರಾರ್ಧವನ್ನು ಕೈಬಿಟ್ಟಿತು, ಮತ್ತು ಕೈಬಿಟ್ಟೆನೆಂದು ಬಾಯಿಬಿಟ್ಟು ಹೇಳುವ ಧೈರ್ಯವನ್ನು ತೋರಲಿಲ್ಲ.

ಪತ್ರದ ಒಂದು ಸ್ಥಳವು ನನ್ನನ್ನು ಮತ್ತೆ ಮತ್ತೆ ಸೆಳೆಯುತ್ತದೆ: ವರಪ್ರಸಾದವು ಇಚ್ಛೆಯನ್ನು ಹೊರಗಿನಿಂದ ತಳ್ಳದೆ ಅದರ ಸ್ವಭಾವಕ್ಕೆ ಅನುಗುಣವಾಗಿ ಒಳಗಿನಿಂದಲೇ ಚಲಿಸುತ್ತದೆಯೆಂದು ಲಿಯೋ ಹೇಳುವಲ್ಲಿ. ಅವರಿಗೆ ಸರಿಯಾಗಿ ಮುನ್ನೂರು ವರ್ಷಗಳ ಹಿಂದೆ, 1588ರಲ್ಲಿ, ಯೇಸುಸಭೆಯ ಮೊಲಿನಾ ಲಿಸ್ಬನ್ನಿನಲ್ಲಿ ಪ್ರಕಟಿಸಿದ ಗ್ರಂಥವು ಇದೇ ಚಲನೆ ಹೇಗೆ ಎಂಬ ಪ್ರಶ್ನೆಯಿಂದ ಡೊಮಿನಿಕನ್ ಪಂಡಿತರನ್ನು ಕೆರಳಿಸಿತ್ತು. ದೇವರ ಪ್ರೇರಣೆಯೇ ಇಚ್ಛೆಯನ್ನು ನಿರ್ಣಯಿಸುವುದೆಂದು ಡೊಮಿನಿಕನ್ನರು, ಇಚ್ಛೆಯ ಸಮ್ಮತಿಯನ್ನು ದೇವರು ಮುನ್ನರಿತು ನಡೆಸುವನೆಂದು ಯೇಸುಸಭೆಯವರು. ಒಬ್ಬರಿಗೆ ಇನ್ನೊಬ್ಬರು ನಾಸ್ತಿಕಪ್ರಾಯರು. ರೋಮಿನಲ್ಲಿ 1598ರಿಂದ ಸಭೆಗಳ ಮೇಲೆ ಸಭೆಗಳು ಕೂಡಿದುವು. ಎಂಟನೆಯ ಕ್ಲೆಮೆಂಟ್ ತಾವೇ ಕುಳಿತು ಕೇಳಿ, ತೀರ್ಪನ್ನು ಕೊಡದೆ ಕಾಲವಾದರು. ಕೊನೆಗೆ 1607ರಲ್ಲಿ ಐದನೆಯ ಪೌಲ್ ಎರಡು ಪಕ್ಷಗಳವರಿಗೂ ತಮ್ಮ ತಮ್ಮ ಮಠಗಳಿಗೆ ಮರಳಬಹುದೆಂದೂ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಕೂಡದೆಂದೂ, ತೀರ್ಪನ್ನು ಸಕಾಲದಲ್ಲಿ ಪ್ರಕಟಿಸಲಾಗುವುದೆಂದೂ ಹೇಳಿ ಕಳುಹಿಸಿದರು. ಆ ಸಕಾಲವು ಇನ್ನೂ ಬಂದಿಲ್ಲ.