ಕಾಗದ ಯಾರ ಮನೆಯಲ್ಲಿರಬೇಕು?

ಹೊಸ ಮೇಲ್ ಖಾತೆ ಸೇರಿಸುವಾಗ ಕೆಲವು ಆ್ಯಪ್‌ಗಳು ‘ಪಾಪ್ ಬೇಕೆ, ಐಮ್ಯಾಪ್ ಬೇಕೆ’ ಎಂದು ಕೇಳುತ್ತವೆ. ಬಹುಪಾಲು ಜನ ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಅಲ್ಲಿ ಕೇಳುತ್ತಿರುವುದು ಮಾತ್ರ ದೊಡ್ಡ ಪ್ರಶ್ನೆ: ನಿಮಗೆ ಬಂದ ಕಾಗದ ಇನ್ನು ಮುಂದೆ ಯಾರ ಮನೆಯಲ್ಲಿರಬೇಕು?

ಕಾಗದ ಹೊತ್ತು ತರುವ ಕೆಲಸ ಎಸ್‌ಎಂಟಿಪಿಯದು. 1982ರಿಂದ ಅದು ಆ ಕೆಲಸ ಮಾಡುತ್ತಲೇ ಇದೆ, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಸರ್ವರಿಗೆ ಬಂದು ಬಿದ್ದದ್ದನ್ನು ನಾವು ಓದುವ ಬಗೆಯಲ್ಲಿ ದಾರಿ ಕವಲೊಡೆಯುತ್ತದೆ.

ಪಾಪ್ 1984ರಲ್ಲಿ ಹುಟ್ಟಿತು. ಇಂದು ಬಳಕೆಯಲ್ಲಿರುವ ಮೂರನೆಯ ರೂಪ 1988ರದು. ಫೋನ್ ತಂತಿಯಲ್ಲಿ ನಿಮಿಷ ಲೆಕ್ಕಹಾಕಿ ಇಂಟರ್ನೆಟ್ ಬಳಸಿದವರಿಗೆ ಅದರ ಬೆಲೆ ಗೊತ್ತು. ಸಂಪರ್ಕ ಸಿಕ್ಕೊಡನೆ ಎಲ್ಲವನ್ನೂ ಇಳಿಸಿಕೊಂಡು ತಂತಿ ಬಿಡಿಸಿದರೆ ನಿಧಾನವಾಗಿ ಓದಬಹುದಿತ್ತು. ಅದರೊಳಗಿನ ಒಂದು ಎಚ್ಚರಿಕೆ ನನಗೆ ಬಹಳ ಇಷ್ಟ. ಅಳಿಸೆಂದು ಹೇಳಿದ ಕಾಗದವನ್ನು ಸರ್ವರ್ ಕೂಡಲೇ ಅಳಿಸುವುದಿಲ್ಲ, ನಾವು ‘ಕ್ವಿಟ್’ ಎಂದು ಹೇಳಿ ಹೊರಡುವವರೆಗೆ ಕಾಯುತ್ತದೆ. ನಡುವೆ ಸಂಪರ್ಕ ಕಡಿದರೆ ಒಂದೂ ಅಳಿಯುವುದಿಲ್ಲ. ಲೈನು ಯಾವಾಗ ಬೇಕಾದರೂ ಕೈಕೊಡಬಹುದೆಂದು ತಿಳಿದವರು ಬರೆದ ನಿಯಮ ಅದು.

ಆದರೆ ಪಾಪ್ ನಂಬಿದವರ ಕಾಗದವೆಲ್ಲ ಒಂದೇ ಯಂತ್ರದಲ್ಲಿ ಉಳಿಯಿತು. ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟ ದಿನ ಆರು ವರ್ಷದ ಕಾಗದ ಹೋಯಿತು. ಸರ್ವರಿನಲ್ಲಿ ಏನೂ ಉಳಿದಿರಲಿಲ್ಲ. ನಾನು ಬರೆದು ಕಳಿಸಿದ್ದವೂ ಆ ಡಿಸ್ಕಿನಲ್ಲೇ ಇದ್ದವು. ಸರ್ವರಿನಲ್ಲಿ ಪ್ರತಿ ಬಿಡಲು ಪಾಪ್‌ನಲ್ಲೂ ದಾರಿಯಿದೆ, ನಿಜ. ಆದರೆ ಕಚೇರಿಯಲ್ಲಿ ಓದಿದ್ದು ಮನೆಯಲ್ಲಿ ಮತ್ತೆ ಹೊಸದಾಗಿ ಕಾಣುತ್ತದೆ.

ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಐಮ್ಯಾಪ್ ರೂಪಿಸಿದರು. ಕಾಗದ ಸರ್ವರಿನಲ್ಲೇ ಇರಲಿ, ಓದಿದ್ದು ಯಾವುದು, ಉತ್ತರಿಸಿದ್ದು ಯಾವುದು ಎಂಬ ಗುರುತೂ ಅಲ್ಲೇ ಇರಲಿ ಎಂಬುದು ಅದರ ತಿರುಳು. ಬೇಕಾದರೆ ತಲೆಬರಹವನ್ನಷ್ಟೇ ತರಿಸಿ, ಭಾರದ ಲಗತ್ತನ್ನು ಅಲ್ಲೇ ಬಿಡಬಹುದು. ಜೇಬಿನಲ್ಲೊಂದು, ಮೇಜಿನ ಮೇಲೊಂದು ಯಂತ್ರ ಇಟ್ಟುಕೊಂಡ ಇಂದಿನ ಬದುಕಿಗೆ ಇದೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗೆಂದು ಅದರ ಕೊರತೆಗಳನ್ನು ಮುಚ್ಚಿಡಲಾರೆ. ಫೋಲ್ಡರಿಗೆ ‘ಪತ್ರಗಳು’ ಎಂದು ಕನ್ನಡದಲ್ಲಿ ಹೆಸರಿಟ್ಟರೆ, 1996ರ ನಿಯಮದ ಪ್ರಕಾರ ಅದು ಆಂಪರ್‌ಸ್ಯಾಂಡ್‌ನಿಂದ ಶುರುವಾಗುವ ರೋಮನ್ ಅಕ್ಷರಗಳ ಗೋಜಲಾಗಿ ಸರ್ವರಿಗೆ ಹೋಗುತ್ತದೆ. ಆ್ಯಪ್ ಅದನ್ನು ಬಿಡಿಸಿ ತೋರಿಸುವುದರಿಂದ ನಮಗೆ ತಿಳಿಯುವುದಿಲ್ಲ, ಆದರೆ ಬ್ಯಾಕಪ್ ತೆಗೆಯುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮ ಲಿಪಿಗೆ ನೇರ ದಾರಿ ಕೊಡುವ ಯುಟಿಎಫ್-8 ಮೂಲ ನಿಯಮದೊಳಗೆ ಸೇರಿದ್ದು 2021ರ ಪರಿಷ್ಕರಣೆಯಲ್ಲಿ. ಇಷ್ಟು ತಡವಾಗಬಾರದಿತ್ತು.

ಇದಕ್ಕಿಂತ ದೊಡ್ಡ ತೊಂದರೆ ಬಳಸುವವರ ತಪ್ಪು ತಿಳಿವಳಿಕೆಯದು. ಐಮ್ಯಾಪ್ ಕನ್ನಡಿಯಿದ್ದಂತೆ. ಮೊಬೈಲಿನಲ್ಲಿ ಜಾಗ ಸಾಲದೆಂದು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೆ ಲ್ಯಾಪ್‌ಟಾಪಿನಲ್ಲೂ ಆ ಕಾಗದ ಇರುವುದಿಲ್ಲ. ‘ಎರಡು ಕಡೆ ಇದೆಯಲ್ಲ’ ಎಂದು ನಂಬಿ ಕಳೆದುಕೊಂಡವರನ್ನು ನೋಡಿದ್ದೇನೆ.

ಆದ್ದರಿಂದ ನಾನು ದಿನನಿತ್ಯದ ಓದಿಗೆ ಐಮ್ಯಾಪ್ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ, ಸರ್ವರಿನ ಪ್ರತಿಯನ್ನು ಮುಟ್ಟದೆ, ಪಾಪ್ ಮೂಲಕ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸುತ್ತೇನೆ. ಮಗಳು ಹಾಸ್ಟೆಲಿನಿಂದ ಬರೆದ ಮೊದಲ ಕಾಗದ ಈಗ ಎರಡು ಕಡೆ ಇದೆ.