ಒಂದೇ ಸ್ಯಾಕ್ಸೊಫೋನು, ಎರಡು ಕಿವಿ

ಕೋಣನಕುಂಟೆ ಕ್ರಾಸ್‌ನಿಂದ ಕನಕಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ದಾರಿಯುದ್ದಕ್ಕೂ ಕಲ್ಯಾಣ ಮಂಟಪಗಳು ಸಿಗುತ್ತವೆ. ಲಗ್ನವಿರುವ ದಿನ ಯಾವುದಾದರೂ ಒಂದಕ್ಕೆ ಹೊಕ್ಕರೆ, ವಾಲಗದವರು ಕೂರುವ ಕಡೆ ಡೋಲಿನ ಪಕ್ಕದಲ್ಲಿ ನಾದಸ್ವರದ ಬದಲು ಹಿತ್ತಾಳೆಯ ಸ್ಯಾಕ್ಸೊಫೋನು ಹೊಳೆಯುತ್ತಿರುವುದು ಈಗ ಯಾರಿಗೂ ಸೋಜಿಗವಲ್ಲ. ಹಂಸಧ್ವನಿಯ ಒಂದು ಕೃತಿ ಆಗುತ್ತದೆ, ಒಂದು ದಾಸರ ಪದ ಆಗುತ್ತದೆ, ಪುರೋಹಿತರು ಕೈ ಎತ್ತಿದ ಕೂಡಲೇ ಗಟ್ಟಿಮೇಳ ಶುರುವಾಗುತ್ತದೆ. ಅಕ್ಷತೆ ಹಾಕಲು ಏಳುವ ಅಜ್ಜಿಗೆ ಅದು ಪರದೇಶದ ವಾದ್ಯ ಎಂಬ ನೆನಪೇ ಬರುವುದಿಲ್ಲ. ಕರಾವಳಿಯಲ್ಲಂತೂ ದೇವಸ್ಥಾನದ ಉತ್ಸವಕ್ಕೆ, ಕೋಲಕ್ಕೆ, ಮದುವೆಗೆ ಸ್ಯಾಕ್ಸೊಫೋನು ಬಹುಕಾಲದಿಂದ ಮನೆಮಾತು.

ಜಗತ್ತಿನ ಉಳಿದ ಕಡೆ ಇದೇ ವಾದ್ಯದ ಚಿತ್ರ ಕಂಡರೆ ಜನಕ್ಕೆ ಮೊದಲು ಹೊಳೆಯುವುದು ಜಾಝ್. ನಮ್ಮಲ್ಲಿ ಜಾಝ್ ಎಂದರೆ ಇಂಗ್ಲಿಷ್ ಬಲ್ಲವರ, ಹೋಟೆಲಿನ ಮಂದ ಬೆಳಕಿನ ಸಂಗೀತ. ಸಾಮಾನ್ಯ ಜನರ ರುಚಿಗೆ ಅದು ಒಗ್ಗದು ಎಂಬ ಮಾತು ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ. ಈ ಮಾತನ್ನು ಒರೆಗೆ ಹಚ್ಚಲು ಒಂದು ಧ್ವನಿಮುದ್ರಿಕೆ ಸಾಕು. 2008ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಹೊರತಂದ ‘ಕಿನ್ಸ್‌ಮೆನ್’. ಅದರಲ್ಲಿ ಎರಡು ಆಲ್ಟೊ ಸ್ಯಾಕ್ಸೊಫೋನುಗಳು ಎದುರುಬದುರಾಗಿವೆ: ಒಂದು ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರದು, ಇನ್ನೊಂದು ಕರ್ನಾಟಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆತನದ ಮಗ ರುದ್ರೇಶ್ ಮಹಂತಪ್ಪ ಅವರದು. ಒಬ್ಬರದು ವಾಲಗದ ಮನೆಯ ಕಿವಿ, ಇನ್ನೊಬ್ಬರದು ಜಾಝ್‌ನ ಕಿವಿ.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದದ್ದು 1846ರಲ್ಲಿ. ಅದರ ಮೊದಲ ಮನೆ ಸೈನ್ಯದ ಬ್ಯಾಂಡು. ಜಾಝ್ ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ದೇಶಕ್ಕೂ ಅದು ಬಂದದ್ದು ಬ್ಯಾಂಡಿನ ಸಾಮಾನಾಗಿಯೇ. ಸ್ವತಃ ಹಲವು ವಾದ್ಯ ನುಡಿಸುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಮತ್ತು ಕರ್ನಾಟಕ ಶೈಲಿಯ ವಾದ್ಯವೃಂದಗಳನ್ನು ಬೆಳೆಸಿದರು. ಮುಂದೆ ಆ ಅರಮನೆಯ ಬ್ಯಾಂಡಿನಲ್ಲೇ ಸ್ಯಾಕ್ಸೊಫೋನನ್ನು ಕೇಳಿದ ಕರಾವಳಿಯ ಒಬ್ಬ ಹುಡುಗ, ನುಡಿಸಿದರೆ ಇದನ್ನೇ ನುಡಿಸಬೇಕೆಂದು ಹಟ ತೊಟ್ಟ. ಆ ಹುಡುಗನೇ ಗೋಪಾಲನಾಥ್. ಅಪ್ಪ ತನಿಯಪ್ಪ ನಾದಸ್ವರ ವಿದ್ವಾಂಸರು. ಮನೆಯ ವಿದ್ಯೆ ಕೈಯಲ್ಲೇ ಇತ್ತು, ಹುಡುಗ ಕೈಗೆತ್ತಿಕೊಂಡದ್ದು ಬೇರೆ ವಾದ್ಯವನ್ನು.

ಆ ಹಟದ ಬೆಲೆ ಏನೆಂದು ತಿಳಿಯಲು ವಾದ್ಯವನ್ನು ತುಸು ಹತ್ತಿರದಿಂದ ನೋಡಬೇಕು. ನಾದಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಬಹುದು, ಕಾಲು ತೆರೆಯಬಹುದು, ಸ್ವರವನ್ನು ತೂಗಬಹುದು, ಜಾರಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ ಇದೆ, ಕೀಲಿಯ ತುದಿಯಲ್ಲಿ ಮೆತ್ತೆ ಇದೆ. ಒತ್ತಿದರೆ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದು ಕಡೆ ಅಲುಗದೆ ನಿಂತರೆ ತೋಡಿಯೇ ಅಲ್ಲ. ಕೆಳಗೂ ಮೇಲೂ ತೂಗಾಡುತ್ತಲೇ ಗಾಂಧಾರ ಎನಿಸಿಕೊಳ್ಳಬೇಕು. ಕೀಲಿ ಅದಕ್ಕೆ ದಾರಿ ಕೊಡುವುದಿಲ್ಲ. ತುಟಿಯ ಬಿಗಿತ, ರೀಡಿನ ಮೇಲಿನ ಒತ್ತಡ, ಉಸಿರಿನ ಹದ, ಬೆರಳನ್ನು ಬಿಡುವ ವೇಗ ಇವೆಲ್ಲ ಸೇರಿ ಆ ಓಲಾಟವನ್ನು ಹುಟ್ಟಿಸಬೇಕು. ಗೋಪಾಲನಾಥ್ ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ತಿದ್ದಿಕೊಂಡರು, ವಾದ್ಯವನ್ನೂ ತಮ್ಮ ಕೈಗೆ ತಕ್ಕಂತೆ ಮಾರ್ಪಡಿಸಿಕೊಂಡರು. ಇದಕ್ಕೆ ಹಿಡಿದದ್ದು ವರ್ಷಗಳಲ್ಲ, ದಶಕಗಳು.

ಜನರ ರುಚಿಯ ಬಗ್ಗೆ ಈ ವಾದಕ ತಳೆದ ನಿಲುವನ್ನು ಈ ದುಡಿಮೆಯಲ್ಲೇ ಓದಿಕೊಳ್ಳಬಹುದು. ಕೇಳುಗರ ಕಿವಿಗೆ ಗಮಕ, ಅಂದರೆ ಸ್ವರದ ಆ ಓಲಾಟ, ಬೇಕು, ಆದ್ದರಿಂದ ವಾದ್ಯವೇ ಗಮಕ ಕಲಿಯಬೇಕು. ಹೊಸ ವಾದ್ಯ ತಂದಿದ್ದೇನೆ, ನಿಮ್ಮ ಕಿವಿ ಬದಲಿಸಿಕೊಳ್ಳಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಸ್ಯಾಕ್ಸೊಫೋನು ಕಲ್ಯಾಣ ಮಂಟಪದೊಳಕ್ಕೆ ಬಂದದ್ದು ಹೀಗೆ.

ಜಾಝ್ ಅವರನ್ನು ಹುಡುಕಿಕೊಂಡು ಬಂದದ್ದು 1980ರ ಮುಂಬಯಿ ಜಾಝ್ ಉತ್ಸವದಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ಗೋಪಾಲನಾಥ್ ಅವರ ವಾದನ ಕೇಳಿ, ಜೊತೆಗೆ ನುಡಿಸಬಹುದೇ ಎಂದು ಕೇಳಿದರು. ಅಲ್ಲಿಂದ ಯುರೋಪಿನ ಜಾಝ್ ಉತ್ಸವಗಳ ಬಾಗಿಲು ತೆರೆಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆ ಏರಿದ ಮೊದಲ ಕರ್ನಾಟಕ ಸಂಗೀತಗಾರ ಎನಿಸಿಕೊಂಡರು. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ಗೆ ಎ.ಆರ್. ರೆಹಮಾನ್ ಅವರ ಸಂಗೀತದಲ್ಲಿ ನುಡಿಸಿದರು. ಆ ಕಥೆಯ ನಾಯಕನೇ ಸ್ಯಾಕ್ಸೊಫೋನ್ ವಾದಕ. ಪ್ರಾಮ್ಸ್ ಅನ್ನು ಎದುರು ಕುಳಿತು ಕೇಳಿದವರು ಒಂದು ಸಭಾಂಗಣದಷ್ಟು ಜನ. ‘ಡ್ಯುಯೆಟ್’ ಕ್ಯಾಸೆಟ್ಟು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕೇಳಿಸಿತು. ಎರಡು ಕಡೆಯೂ ನುಡಿದದ್ದು ಅದೇ ತುಟಿ, ಅದೇ ಗಮಕ. ಸಿನಿಮಾಕ್ಕೆಂದು ಅವರು ತಮ್ಮ ನಾದವನ್ನು ಅಗ್ಗ ಮಾಡಲಿಲ್ಲ.

ರುದ್ರೇಶ್ ಬಂದ ದಾರಿ ಇದಕ್ಕೆ ತೀರ ಬೇರೆ. 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಕೊಲೊರಾಡೊದ ಬೌಲ್ಡರ್‌ನಲ್ಲಿ ಬೆಳೆದವರು. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿಯಾಗಿದ್ದರು. ಬಾಲ್ಯದಲ್ಲಿ ಅವರನ್ನು ಸ್ಯಾಕ್ಸೊಫೋನಿನತ್ತ ಎಳೆದದ್ದು ಗ್ರೋವರ್ ವಾಷಿಂಗ್‌ಟನ್, ಡೇವಿಡ್ ಸ್ಯಾನ್‌ಬೋರ್ನ್ ಅಂಥವರ ಜನಪ್ರಿಯ ಸಂಗೀತ. ಜಾಝ್‌ನ ಮಡಿವಂತ ವಿಮರ್ಶಕರು ಮೂಗು ಮುರಿಯುವ ಬಗೆ ಅದು. ಅದರ ಬೆನ್ನು ಹತ್ತಿಯೇ ಅವರು ಜಾಝ್‌ನ ಸ್ಯಾಕ್ಸೊಫೋನ್ ದಿಗ್ಗಜ ಚಾರ್ಲಿ ಪಾರ್ಕರ್‌ನನ್ನು ಮುಟ್ಟಿದರು. ಹೆಸರೂ ಮೈಬಣ್ಣವೂ ಭಾರತದ್ದಾದ್ದರಿಂದ ಭಾರತೀಯ ಸಂಗೀತ ಹುಟ್ಟಿನಿಂದಲೇ ಗೊತ್ತಿರಬೇಕೆಂದು ಅಮೆರಿಕದ ಕೇಳುಗರು ಎಣಿಸುತ್ತಿದ್ದುದನ್ನೂ, ಅದು ತಮ್ಮನ್ನು ಕಾಡಿದ್ದನ್ನೂ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗೋಪಾಲನಾಥ್ ಅವರ ಪರಿಚಯವಾದದ್ದೂ ಅಣ್ಣ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆಯಿಂದ. ಕೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಒಬ್ಬ ಜಾಝ್ ಕಲಾವಿದನಿಗೆ ತನ್ನದೇ ವಾದ್ಯ ಹೀಗೂ ನುಡಿಯಬಲ್ಲದು ಎಂದು ತೋರಿಸಿಕೊಟ್ಟವರು ನಾದಸ್ವರದ ಮನೆಯವರು.

‘ಕಿನ್ಸ್‌ಮೆನ್’ ತಂಡಕ್ಕೆ ದಕ್ಷಿಣ ಎನ್‌ಸೆಂಬಲ್ ಎಂದು ಹೆಸರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ, ಗಿಟಾರಿಗೆ ರೆಝ್ ಅಬ್ಬಾಸಿ, ಬಾಸ್‌ಗೆ ಕಾರ್ಲೊ ಡಿ ರೋಸಾ, ಡ್ರಮ್ಸ್‌ಗೆ ರಾಯಲ್ ಹಾರ್ಟಿಗನ್. ಪಿಯಾನೊ ಇಲ್ಲ. ಈ ಇಲ್ಲದಿರುವಿಕೆ ದೊಡ್ಡ ಜಾಣತನ, ಏಕೆಂದರೆ ಪಿಯಾನೊದ ಕಲ್ಲಿನಂಥ ಸ್ವರಗಳ ಪಕ್ಕದಲ್ಲಿ ಗಮಕ ಅಪಸ್ವರದಂತೆ ಕೇಳಿಬಿಡುತ್ತಿತ್ತು.

ಎರಡೂ ಆಲ್ಟೊ ಎಂದ ಮಾತ್ರಕ್ಕೆ ಯಾವುದು ಯಾರದೆಂಬ ಗೊಂದಲ ಒಂದು ನಿಮಿಷವೂ ಆಗುವುದಿಲ್ಲ. ಗೋಪಾಲನಾಥ್ ಅವರ ನಾದ ತೆಳು, ಕೊಂಚ ಮೂಗಿನದು, ನಾದಸ್ವರದ ನೆರಳು ಬಿದ್ದದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯನ್ನೆಲ್ಲ ತುಳಿದುಕೊಂಡೇ ಹೋಗುತ್ತದೆ. ರುದ್ರೇಶರದು ಗಡುಸು, ಅಂಚು ಹರಿತ, ಸ್ವರಗಳು ಒಂದರ ಮೇಲೊಂದು ನುಗ್ಗುತ್ತವೆ. ದೊಡ್ಡ ರಚನೆಗಳ ನಡುನಡುವೆ ಒಬ್ಬೊಬ್ಬರಿಗೆ ಚಿಕ್ಕ ಆಲಾಪಗಳನ್ನು ಬಿಟ್ಟುಕೊಟ್ಟದ್ದು ಈ ಮುದ್ರಿಕೆಯ ಅತ್ಯುತ್ತಮ ಯೋಚನೆ. ತಾಳವಿಲ್ಲದ ಆ ಬಯಲಿನಲ್ಲಿ ಒಬ್ಬೊಬ್ಬರ ಮನೋಧರ್ಮವೂ ಬಿಡಿಯಾಗಿ ಕಾಣಿಸುತ್ತದೆ. ಆಮೇಲೆ ಎಲ್ಲರೂ ಕೂಡಿದಾಗ ಯಾರು ಯಾರಿಗಾಗಿ ಎಷ್ಟು ಸರಿದರು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕೊರತೆಗಳೂ ಇವೆ. ಗಿಟಾರ್ ಸ್ವರಮೇಳಗಳನ್ನು ಹಾಸಿದ ಕಡೆಯಲ್ಲೆಲ್ಲ ರಾಗ ಇಕ್ಕಟ್ಟಿಗೆ ಸಿಲುಕುತ್ತದೆ. ರಾಗದ ಸ್ವರಕ್ಕೆ ಅರ್ಥ ಕೊಡುವುದು ಷಡ್ಜ, ಸ್ವರಮೇಳದ ಸ್ವರಕ್ಕೆ ಅರ್ಥ ಕೊಡುವುದು ಪಕ್ಕದ ಸ್ವರಗಳು. ಎರಡೂ ಒಟ್ಟಿಗೆ ಎಳೆದರೆ ಕೇಳುಗನ ಕಿವಿ ನಡುವೆ ನಿಲ್ಲುತ್ತದೆ. ಅಬ್ಬಾಸಿ ಒಂದೊಂದೇ ತಂತಿ ಮೀಟುವ ಕಡೆಗಳಲ್ಲಿ ಈ ತೊಡಕಿಲ್ಲ. ಡ್ರಮ್ಸ್‌ನ ತಾಳಫಲಕಗಳ ಝಣಝಣದಲ್ಲಿ ಮೃದಂಗದ ಎಡಗಡೆಯ ಗುಮ್ಮೆನ್ನುವ ದನಿ ಅಲ್ಲಲ್ಲಿ ಮುಳುಗಿಹೋಗುತ್ತದೆ. ಕಛೇರಿಯ ರಸಿಕರಿಗೆ ಇನ್ನೊಂದು ದೂರೂ ಇರಬಹುದು: ವಿಶ್ರಾಂತಿ ಕಡಿಮೆ. ಒಂದು ನಿಲುಗಡೆಯಲ್ಲಿ ನಾದ ತಂಗುವ ಮೊದಲೇ ಮುಂದಿನ ಓಟ ಹೊರಟಿರುತ್ತದೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಕೆಲಸ ಬೆಂಗಳೂರಿನದೇ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಇಸಿಎಂ ಧ್ವನಿಮುದ್ರಣ ಸಂಸ್ಥೆಗಾಗಿ ಮಾಡಿತು. ಬಾಸ್ಟನ್ನಿನ ಮರಿಯಾನೊ ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದವರು, ಮಲೇಷ್ಯಾದಲ್ಲಿ ನಾದಸ್ವರ ಕೇಳಿ ಮನಸೋತು ಅದನ್ನು ಕಲಿಯಲೆಂದೇ ದಕ್ಷಿಣ ಭಾರತಕ್ಕೆ ಬಂದವರು. ಆರ್.ಎ. ರಮಾಮಣಿ ಅವರ ಗಾಯನದ ಸುತ್ತ ‘ಜ್ಯೋತಿ’ ಬೆಳೆಯುತ್ತದೆ. ಮರಿಯಾನೊ ಅಲ್ಲಿ ಅತಿಥಿಯ ಸೌಜನ್ಯ ಬಿಡುವುದಿಲ್ಲ: ದನಿಗೆ ದಾರಿ ಕೊಟ್ಟು, ಅದು ನಿಂತ ಮೇಲೆ ಮಾತಾಡುತ್ತಾರೆ. ಕೇಳಲು ಹೆಚ್ಚು ಹಿತ ‘ಜ್ಯೋತಿ’ಯೇ. ಆದರೂ ದೊಡ್ಡ ಕೃತಿ ‘ಕಿನ್ಸ್‌ಮೆನ್’, ಏಕೆಂದರೆ ಅಲ್ಲಿ ಯಾರೂ ಅತಿಥಿಯಲ್ಲ. ಒಂದೇ ವಾದ್ಯ ಹಿಡಿದ ಇಬ್ಬರು ಪರಸ್ಪರ ತಪ್ಪಿಸಿಕೊಳ್ಳಲಾರದೆ ಎದುರಾಗುತ್ತಾರೆ, ಮೇಲೆ ಹೇಳಿದ ತೊಡಕುಗಳೆಲ್ಲ ಆ ಎದುರಾಟದ ಬೆಲೆ.

ಜನಪ್ರಿಯತೆಯ ಪ್ರಶ್ನೆಗೆ ಬಂದರೆ, ಜಾಝ್ ಹುಟ್ಟಿನಿಂದ ಕುಳಿತು ಕೇಳುವ ಸಂಗೀತವಾಗಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ದೊಡ್ಡ ಬ್ಯಾಂಡುಗಳ ಸ್ವಿಂಗ್ ಎಂದರೆ ಕುಣಿತದ ಸಂಗೀತ. ಸಾವಿರಾರು ಜೋಡಿಗಳು ಅದಕ್ಕೆ ಹೆಜ್ಜೆ ಹಾಕಿದವು. 1944ರಲ್ಲಿ ಅಲ್ಲಿನ ಸರ್ಕಾರ ಕುಣಿತ, ಹಾಡುಗಾರಿಕೆ ಇರುವ ಕ್ಲಬ್ಬುಗಳ ಮೇಲೆ ಶೇ. 30ರ ತೆರಿಗೆ ಹೇರಿತು, ಆಮೇಲೆ ಶೇ. 20ಕ್ಕೆ ಇಳಿಸಿತು. ಬರೀ ವಾದ್ಯ ನುಡಿಸಿ ಕುಣಿತ ಕೈಬಿಟ್ಟರೆ ಈ ತೆರಿಗೆ ಇಲ್ಲ. ಯುದ್ಧಕಾಲದ ಬೇರೆ ಕಷ್ಟಗಳೂ ಕೂಡಿಕೊಂಡು ದೊಡ್ಡ ಬ್ಯಾಂಡುಗಳು ಕರಗಿದವು; ನಾಲ್ಕೈದು ಜನರ ಗುಂಪುಗಳು, ಪಾರ್ಕರ್‌ನಂಥವರ ಬಿರುಸಿನ ಬೆಬಾಪ್ ಮುಂದೆ ಬಂತು. ಅದು ಮಹತ್ವದ ಸಂಗೀತ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕುಣಿಯುವವರು ಬೇರೆ ಸಂಗೀತದತ್ತ ಹೊರಟುಹೋದರು. ಜಾಝ್ ಕೆಲವರ ಸೊತ್ತಾದದ್ದಕ್ಕೆ ಜನರ ಕೀಳು ರುಚಿಯನ್ನೇ ದೂರುವವರು ಈ ತೆರಿಗೆಯ ಕಥೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂಬಯಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಗೋವಾದ ವಾದಕರು ಹಗಲು ಸಿನಿಮಾ ಸ್ಟುಡಿಯೊಗಳಲ್ಲಿ ದುಡಿದರು. ಚಿಕ್ ಚಾಕೊಲೇಟ್ ಎಂದು ಹೆಸರಾದ ಅಂಟೋನಿಯೊ ವಾಝ್, ಸೆಬಾಸ್ಟಿಯನ್ ಡಿಸೋಜ ಅಂಥವರ ಕೈಯಿಂದ ಹಿಂದಿ ಚಿತ್ರಗೀತೆಗೆ ಸ್ವಿಂಗ್ ಬಂತು. 1951ರ ‘ಅಲ್‌ಬೇಲಾ’ದ ಹಾಡುಗಳಿಗೆ ದೇಶವೇ ಕಾಲು ಕುಣಿಸಿತು. ಆ ಜನರಿಗೆ ಜಾಝ್ ಒಗ್ಗುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಆಗಲೇ ಒಗ್ಗಿತ್ತು. ವಾದಕರ ಹೆಸರು ಮಾತ್ರ ಜನಕ್ಕೆ ಗೊತ್ತಾಗಲಿಲ್ಲ.

ಮತ್ತೆ ಕಲ್ಯಾಣ ಮಂಟಪಕ್ಕೆ ಬಂದರೆ ಚಿಂತೆಗೆ ಕಾರಣವಿದೆ. ಮುಹೂರ್ತದ ವಾಲಗದಲ್ಲಿ ಇನ್ನೂ ಜೀವ ಇದೆ, ಅಲ್ಲಿ ಡೋಲಿನವರು ಪುರೋಹಿತರ ಮುಖ ನೋಡಿಕೊಂಡು ಕಾಲ ಹೆಚ್ಚಿಸುತ್ತಾರೆ, ವಾದಕರು ರಾಗವನ್ನು ಬೇಕಾದಷ್ಟು ಎಳೆಯುತ್ತಾರೆ, ಗಟ್ಟಿಮೇಳದ ಹೊತ್ತಿಗೆ ಎಲ್ಲಿದ್ದರೂ ಅಲ್ಲಿಂದ ಹಾರಿ ಬರುತ್ತಾರೆ. ಎದುರಿಗೆ ನಡೆಯುತ್ತಿರುವುದಕ್ಕೆ ಆ ಕ್ಷಣದಲ್ಲೇ ಸ್ವರ ಹೊಸೆಯುವುದು ಜಾಝ್‌ನವರ ಹೆಮ್ಮೆಯೂ ಹೌದು, ವಾಲಗದವರ ದಿನದ ಕಸುಬೂ ಹೌದು. ಸಂಜೆಯ ಆರತಕ್ಷತೆಯಲ್ಲಿ ಹಾಗಿಲ್ಲ. ಅದೇ ಸ್ಯಾಕ್ಸೊಫೋನಿಗೆ ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಹಾಕುತ್ತಾರೆ. ತಬಲ, ಬಾಸ್, ಕೋರಸ್ ಎಲ್ಲ ಅದರಲ್ಲೇ ತುಂಬಿದೆ. ವಾದಕ ಸಿನಿಮಾ ಹಾಡಿನ ಧಾಟಿಯನ್ನು ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಊದಬೇಕು. ಒಂದು ಆವರ್ತ ಹೆಚ್ಚಿಗೆ ನುಡಿಸಿದರೆ ಟ್ರ್ಯಾಕ್ ಮುಂದೆ ಹೋಗಿಬಿಡುತ್ತದೆ.

ಸಿನಿಮಾ ಹಾಡು ಇಲ್ಲಿ ದೋಷಿಯಲ್ಲ. ಗೋಪಾಲನಾಥ್ ಸಿನಿಮಾಕ್ಕೆ ನುಡಿಸಿದರು, ಅವರ ಮಗ ಮಣಿಕಾಂತ್ ಕದ್ರಿ ‘ಸವಾರಿ’ಯಂಥ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟರು. ಕುಣಿತವೂ ದೋಷಿಯಲ್ಲ, ಕನಕಪುರ ರಸ್ತೆಯಲ್ಲಿ ಗಣಪತಿ ಬಿಡುವ ರಾತ್ರಿ ತಮಟೆಯವರು ಕುಣಿಯುವವರ ಕಾಲು ನೋಡಿ ಪೆಟ್ಟು ಬದಲಿಸುವುದನ್ನು ಕಂಡವರಿಗೆ ಇದು ಗೊತ್ತು. ಕೆಡಿಸುತ್ತಿರುವುದು ‘ರೆಕಾರ್ಡಿನಲ್ಲಿ ಇದ್ದ ಹಾಗೆ’ ಎಂಬ ಬೇಡಿಕೆ. ಅದು ಕೇಳುಗರ ರುಚಿಯಿಂದ ಹುಟ್ಟಿದ್ದಲ್ಲ, ಖರ್ಚು ಉಳಿಸುವ ಲೆಕ್ಕಾಚಾರದಿಂದ ಹುಟ್ಟಿದ್ದು. ನಾಲ್ವರು ವಾದಕರ ಸಂಭಾವನೆಯ ಜಾಗದಲ್ಲಿ ಒಂದು ಪೆನ್‌ಡ್ರೈವ್ ಬಂದು ಕೂತಿದೆ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಅದೇ ವರ್ಷ ಕೋಣನಕುಂಟೆಗೆ ಹತ್ತಿರದ ಜೆ.ಪಿ. ನಗರ 7ನೇ ಹಂತದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ವಸ್ತುಸಂಗ್ರಹಾಲಯ ತೆರೆಯಿತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ‘ಕಿನ್ಸ್‌ಮೆನ್’ ಒಂದು ಸಲ ಪೂರ್ತಿ ಕೇಳಿಸಲಿ; ಯಾವ ಸ್ಯಾಕ್ಸೊಫೋನು ಯಾರದೆಂದು ಮಕ್ಕಳೇ ಗುರುತಿಸುತ್ತಾರೆ. ಮನೆಯಲ್ಲಿ ಮದುವೆ ನಿಶ್ಚಯ ಮಾಡಿಕೊಂಡವರಿಗೆ ಇನ್ನೊಂದು ಕೋರಿಕೆ: ಆರತಕ್ಷತೆಗೆ ಸ್ಯಾಕ್ಸೊಫೋನಿನವರನ್ನು ಗೊತ್ತು ಮಾಡುವಾಗ ಟ್ರ್ಯಾಕ್ ಬೇಡವೆನ್ನಿ. ಡೋಲಿನವರನ್ನೋ ತಬಲದವರನ್ನೋ ಜೊತೆಗೆ ಕರೆಸಿ, ಹಾಡುಗಳ ಪಟ್ಟಿ ಕೊಟ್ಟ ಮೇಲೆ ಹತ್ತು ನಿಮಿಷ ಅವರ ಇಷ್ಟಕ್ಕೆ ಬಿಡಿ, ಆ ಹತ್ತು ನಿಮಿಷಕ್ಕೂ ಸಂಭಾವನೆ ಕೊಡಿ.