ಮಳೆಗಾಲಕ್ಕೆ ರೆಕಾರ್ಡರ್ ಬೇಕಾ?

2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂತು. ಬಾಕ್ಸಿನೊಳಗೇ ಹಾರ್ಡ್‌ಡಿಸ್ಕ್, ಒಂದು ಚಾನೆಲ್ ನೋಡ್ತಾ ಇನ್ನೊಂದನ್ನ ರೆಕಾರ್ಡ್ ಮಾಡಬಹುದು. ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಬೆಂಗಳೂರಿನವರಿಗೆ ನಿಜಕ್ಕೂ ಅನುಕೂಲ. ಆದರೆ ಇಂಥದ್ದೊಂದನ್ನ ಜೋಯಿಡಾದ ಮನೆಗೆ ಕಳಿಸೋ ಮುಂಚೆ ಸ್ವಲ್ಪ ತಡೀರಿ.

ನಮ್ಮ ಕಡೆ ಸೀರಿಯಲ್ ತಪ್ಪೋದು ಆಯಿ ಮನೇಲಿಲ್ಲ ಅಂತಲ್ಲ. ಜುಲೈ ಮಳೆ ಜೋರಾದರೆ ಡಿಶ್‌ಗೆ ಸಿಗ್ನಲ್ಲೇ ಇಲ್ಲ. ಕೆಯು ಬ್ಯಾಂಡಿನ ತರಂಗಗಳನ್ನ ಮಳೆಹನಿಗಳು ನುಂಗಿಬಿಡುತ್ತವೆ. ಬಾರದ ಸಿಗ್ನಲನ್ನ ರೆಕಾರ್ಡರ್ ಎಲ್ಲಿಂದ ಹಿಡಿಯಬೇಕು? ಸೂಪಾ ಡ್ಯಾಮ್ ಪಕ್ಕದಲ್ಲೇ ಇದ್ದರೂ ಮರ ಬಿದ್ದು ತಂತಿ ಹರಿದರೆ ಕತ್ತಲೆಯೇ. ಹಿಡಿದಿಟ್ಟದ್ದಕ್ಕೂ ಬೀಗ: ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಓಡಲ್ಲ.

ಹಳಿಯಾಳ, ಮುಂಡಗೋಡದಲ್ಲಿ ಮಳೆ ಕಡಿಮೆ, ಅಲ್ಲಿಗೆ ಕೊಂಡರೆ ನಷ್ಟವಿಲ್ಲ. ಜೋಯಿಡಾಕ್ಕಾದರೆ ಆ ದುಡ್ಡಲ್ಲಿ ಮೊದಲು ದೊಡ್ಡ ಡಿಶ್, ಒಂದು ಯುಪಿಎಸ್ ಹಾಕಿಸಿ. ಆಮೇಲೂ ರೆಕಾರ್ಡರ್ ಬೇಕೆನಿಸಿದರೆ ಮರುದಿನದ ಮರುಪ್ರಸಾರಕ್ಕೂ ಟೈಮರ್ ಇಡೋದನ್ನ ಕಲಿಸಿಕೊಟ್ಟು ಬನ್ನಿ. ಮನೇಲಿಲ್ಲದವರಿಗೆ ಅಂತ ಮಾಡಿದ ಯಂತ್ರ ಅದು. ಆಯಿ ಮನೇಲೇ ಇರ್ತಾಳೆ, ಇಲ್ಲದವರು ನಾವು.